ಹಿರಿಯನ ಹೊಣೆ, ಕಿರಿಯನ ದುಡಿಮೆ: ಕಾರ್ಖಾನೆಯೊಳಗಿನ ಕನ್ಫ್ಯೂಷಿಯಸ್

ಚೀನಾದ ಪೂರ್ವ ಕರಾವಳಿಯ ನಿಂಗ್ಬೋ ನಗರದಲ್ಲಿ ಫಾಂಗ್‌ತಾಯ್ ಎಂಬ ಕಂಪನಿ ಇದೆ. ಅಡುಗೆಮನೆಯ ಹೊಗೆ ಎಳೆಯುವ ಚಿಮಣಿ, ಗ್ಯಾಸ್ ಒಲೆ ತಯಾರಿಸುವುದು ಅದರ ಕಸುಬು. 1996ರಲ್ಲಿ ಮಾವೋ ಝೋಂಗ್‌ಚುನ್ ತಂದೆಯೊಂದಿಗೆ ಸೇರಿ ಕಟ್ಟಿದ ಈ ಕಂಪನಿ 2008ರ ಹೊತ್ತಿಗೆ ಬೇರೊಂದು ದಾರಿ ಹಿಡಿಯಿತು. ಮುಖ್ಯ ಕಚೇರಿಯಲ್ಲಿ ಕನ್ಫ್ಯೂಷಿಯಸ್ ಹೆಸರಿನ ಸಭಾಂಗಣ ಎದ್ದಿತು. ಬೆಳಗ್ಗೆ ಕೆಲಸ ಶುರುವಾಗುವ ಮೊದಲು ನೌಕರರು ಕಾಲು ಗಂಟೆ ಪ್ರಾಚೀನ ಗ್ರಂಥಗಳನ್ನು ಓದುವ ರೂಢಿ ಬಂತು. ತಡವಾಗಿ ಬರುವಂಥ ಸಣ್ಣ ತಪ್ಪಿಗೆ ದಂಡ ಹಾಕುವುದನ್ನು ನಿಲ್ಲಿಸಿ, ಮೇಲಧಿಕಾರಿಯೇ ಆ ನೌಕರನನ್ನು ಕೂರಿಸಿಕೊಂಡು ಮಾತಾಡಬೇಕೆಂಬ ನಿಯಮ ಮಾಡಿದರು. ಮುಂದೆ ನೌಕರರಿಗೆ ಲಾಭದಲ್ಲಿ ಪಾಲು ಕೊಡುವ ಏರ್ಪಾಡೂ ಆಯಿತು. ದಂಡಕ್ಕೆ ಹೆದರುವವನು ಸಿಕ್ಕಿಬೀಳದಂತೆ ನೋಡಿಕೊಳ್ಳುತ್ತಾನಷ್ಟೆ, ನಾಚಿಕೆ ಇರುವವನು ತನ್ನನ್ನು ತಾನೇ ತಿದ್ದಿಕೊಳ್ಳುತ್ತಾನೆ ಎಂಬುದು ಇದರ ಹಿಂದಿನ ಎಣಿಕೆ.

ಅದೇ ಚೀನಾದಲ್ಲಿ 2019ರ ಮಾರ್ಚ್‌ನಲ್ಲಿ ಸಾಫ್ಟ್‌ವೇರ್ ನೌಕರರು ಗಿಟ್‌ಹಬ್‌ನಲ್ಲಿ '996.ಐಸಿಯು' ಎಂಬ ಪ್ರತಿಭಟನೆ ಆರಂಭಿಸಿದರು. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ. ಹೀಗೆ ದುಡಿದವನು ಕೊನೆಗೆ ಸೇರುವುದು ಐಸಿಯುಗೆ ಎಂಬುದು ಆ ಹೆಸರಿನ ಅರ್ಥ. ಮರುತಿಂಗಳು ಅಲಿಬಾಬಾ ಕಂಪನಿಯ ಸ್ಥಾಪಕ ಜಾಕ್ ಮಾ, ಹಾಗೆ ದುಡಿಯಲು ಸಿಗುವುದೇ ದೊಡ್ಡ ಭಾಗ್ಯ ಎಂಬರ್ಥದ ಮಾತಾಡಿ ಟೀಕೆಗೆ ಗುರಿಯಾದರು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ಪದ್ಧತಿ ಕಾನೂನಿಗೆ ವಿರುದ್ಧ ಎಂದು ಸ್ಪಷ್ಟಪಡಿಸಿತು.

ಕಾಲು ಗಂಟೆಯ ಆ ಓದನ್ನೂ ಹನ್ನೆರಡು ಗಂಟೆಯ ಈ ದುಡಿಮೆಯನ್ನೂ ವಿವರಿಸಲು ಹೊರಟವರು ಒಬ್ಬನೇ ಗುರುವಿನ ಹೆಸರು ಹೇಳುತ್ತಾರೆ. ಕನ್ಫ್ಯೂಷಿಯನ್ ಮೌಲ್ಯಗಳಿಂದ ನೌಕರರು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಾರೆಯೇ ಅಥವಾ ಬಾಯಿ ಮುಚ್ಚಿಕೊಂಡು ಹೆಚ್ಚು ಹೊತ್ತು ದುಡಿಯುತ್ತಾರೆಯೇ? ನೂರು ವರ್ಷಗಳಿಂದ ವಿದ್ವಾಂಸರು, ಉದ್ಯಮಿಗಳು, ರಾಜಕಾರಣಿಗಳು ಈ ಪ್ರಶ್ನೆಗೆ ಒಂದಕ್ಕೊಂದು ಹೊಂದದ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಎಳೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಈ ಮೌಲ್ಯಗಳು ಕೆಳಗಿನವನಿಗೆ ಕರ್ತವ್ಯ ವಿಧಿಸುವಷ್ಟೇ ಬಿಗಿಯಾಗಿ ಮೇಲಿನವನನ್ನೂ ಕಟ್ಟಿಹಾಕಿದ ಕಡೆ ಕೆಲಸ ಸುಧಾರಿಸಿದೆ, ಒಂದೇ ಬದಿಗೆ ವಾಲಿದ ಕಡೆ ಇಲ್ಲ.

ಒಂದು ಗ್ರಂಥ, ಎರಡು ಓದು

ಕನ್ಫ್ಯೂಷಿಯಸ್ ಬದುಕಿದ್ದು ಕ್ರಿ.ಪೂ. 551ರಿಂದ 479ರವರೆಗೆ, ಇಂದಿನ ಶಾನ್‌ಡಾಂಗ್ ಪ್ರಾಂತ್ಯದ ಚುಫು ಊರಿನ ಸುತ್ತಮುತ್ತ. ಅವನ ಮಾತುಗಳನ್ನು ಶಿಷ್ಯರು, ಶಿಷ್ಯರ ಶಿಷ್ಯರು ಸಂಗ್ರಹಿಸಿದ ಪುಸ್ತಕಕ್ಕೆ 'ಲುನ್ ಯು' ಎಂದು ಹೆಸರು. ನಂತರದ ಪರಂಪರೆ ಅವನ ಬೋಧನೆಯನ್ನು ಐದು ಗುಣಗಳಲ್ಲಿ ಅಡಕ ಮಾಡಿತು: ರೆನ್, ಅಂದರೆ ಮನುಷ್ಯಪ್ರೀತಿ; ಯಿ, ನ್ಯಾಯಬುದ್ಧಿ; ಲಿ, ರೀತಿ ರಿವಾಜು ಮರ್ಯಾದೆ; ಝಿ, ವಿವೇಕ; ಶಿನ್, ಕೊಟ್ಟ ಮಾತಿಗೆ ತಪ್ಪದಿರುವುದು. ಇದರ ಜತೆಗೆ ಐದು ಸಂಬಂಧಗಳು: ಅರಸ ಮತ್ತು ಮಂತ್ರಿ, ತಂದೆ ಮತ್ತು ಮಗ, ಗಂಡ ಮತ್ತು ಹೆಂಡತಿ, ಅಣ್ಣ ಮತ್ತು ತಮ್ಮ, ಗೆಳೆಯ ಮತ್ತು ಗೆಳೆಯ. ಐದರಲ್ಲಿ ನಾಲ್ಕು ಮೇಲು ಕೀಳಿನ ಸಂಬಂಧಗಳೇ. ಕಂಪನಿಯ ಆಡಳಿತಕ್ಕೆ ಈ ಚೌಕಟ್ಟು ಸಲೀಸಾಗಿ ಹೊಂದಿಕೊಂಡದ್ದು ಅದರಿಂದಲೇ.

ಆದರೆ ಮೂಲದಲ್ಲಿ ಈ ಸಂಬಂಧ ಏಕಮುಖವಲ್ಲ. ಅರಸ ಮರ್ಯಾದೆಯಿಂದ ನಡೆಸಿಕೊಂಡರೆ ಮಂತ್ರಿ ನಿಷ್ಠೆಯಿಂದ ಸೇವೆ ಮಾಡಬೇಕು ಎಂಬ ಎರಡು ಕಡೆಯ ಕರಾರು ಅದರಲ್ಲಿತ್ತು. ತಂದೆ ತಪ್ಪು ಹಾದಿ ಹಿಡಿದಾಗ ಮಗ ಎದುರು ನಿಂತು ಹೇಳಬೇಕೆಂದು ಪಿತೃಭಕ್ತಿಯ ಗ್ರಂಥವೇ ವಿಧಿಸುತ್ತದೆ. ಹಾನ್ ವಂಶದ ಕಾಲದಲ್ಲಿ, ಕ್ರಿ.ಪೂ. 2ನೇ ಶತಮಾನದ ದೋಂಗ್ ಝೋಂಗ್‌ಶೂನಂಥ ಚಿಂತಕರ ಕೈಯಲ್ಲಿ ಈ ಬೋಧನೆ ಸಾಮ್ರಾಜ್ಯದ ಸಿದ್ಧಾಂತವಾಯಿತು. ಆಗ ಒತ್ತು 'ಮೂರು ಬಂಧ'ಗಳ ಮೇಲೆ ಬಿತ್ತು: ಅರಸ, ತಂದೆ, ಗಂಡ ಈ ಮೂವರ ಅಧಿಕಾರ. ಕರಾರು ಹಿಂದೆ ಸರಿದು ಆಜ್ಞೆ ಮುಂದೆ ಬಂತು. ಜತೆಗೆ ಬಹುಮಾನ ಮತ್ತು ಶಿಕ್ಷೆಯಿಂದಲೇ ಆಳಬೇಕೆಂದ ಚಿಂತಕ ಹಾನ್ ಫೇಯಿಯ ಕಟುನೀತಿ ಆಡಳಿತದ ಒಳಗೆ ಬೆರೆತೇ ಇತ್ತು.

ಇಂದಿನ ಕಂಪನಿಗಳ ವಿವಾದದಲ್ಲಿ ಈ ಎರಡು ಓದುಗಳು ಮುಖಾಮುಖಿಯಾಗುತ್ತವೆ. ಒಬ್ಬರು 'ಕನ್ಫ್ಯೂಷಿಯನ್ ಆಡಳಿತ' ಎಂದಾಗ ಕರಾರನ್ನು ನೆನೆಯುತ್ತಾರೆ, ಇನ್ನೊಬ್ಬರು ಆಜ್ಞೆಯನ್ನು.

ಶಾಪದಿಂದ ವರಕ್ಕೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕನ್ಫ್ಯೂಷಿಯಸ್‌ನನ್ನು ಹೊಗಳುವವರು ಕಡಿಮೆಯಿದ್ದರು. ಚೀನಾದ ಸಾಮ್ರಾಟರು ನೂರಾರು ವರ್ಷ ನಡೆಸಿಕೊಂಡು ಬಂದಿದ್ದ, ಆ ಗ್ರಂಥಗಳ ಮೇಲೆ ನಿಂತಿದ್ದ ಅಧಿಕಾರಿ ಪರೀಕ್ಷೆ 1905ರಲ್ಲಿ ರದ್ದಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ತಮ್ಮ ಚೀನಾ ಅಧ್ಯಯನದಲ್ಲಿ, ಕನ್ಫ್ಯೂಷಿಯನ್ ನೀತಿ ಲೋಕದೊಂದಿಗೆ ಹೊಂದಿಕೊಳ್ಳಲು ಕಲಿಸುತ್ತದೆಯೇ ಹೊರತು ಲೋಕವನ್ನು ಬದಲಿಸುವ ಛಲ ಹುಟ್ಟಿಸುವುದಿಲ್ಲ, ಆಧುನಿಕ ಬಂಡವಾಳಶಾಹಿ ಅಲ್ಲಿ ತಾನಾಗಿ ಬೆಳೆಯದಿರಲು ಇದೊಂದು ಕಾರಣ ಎಂದು ವಾದಿಸಿದರು. 1919ರ ಮೇ ನಾಲ್ಕರ ಚಳವಳಿಯ ತರುಣರು ದೇಶ ಹಿಂದುಳಿದಿದ್ದಕ್ಕೆ ಈ ಗುರುವನ್ನೇ ಹೊಣೆ ಮಾಡಿದರು. 1974ರಲ್ಲಿ, ಮಾವೋ ಝೆದೋಂಗ್ ಆಡಳಿತದ ಕೊನೆಗಾಲದಲ್ಲೂ, ಸೇನಾನಾಯಕ ಲಿನ್ ಬಿಯಾವೋ ಜತೆಗೆ ಕನ್ಫ್ಯೂಷಿಯಸ್‌ನನ್ನೂ ಖಂಡಿಸುವ ಅಭಿಯಾನ ನಡೆಯಿತು.

ಸಮುದ್ರದಾಚೆಯ ಜಪಾನಿನಲ್ಲಿ ಮಾತ್ರ ಒಬ್ಬ ಉದ್ಯಮಿ ಬೇರೆಯೇ ಓದು ಓದುತ್ತಿದ್ದರು. ಶಿಬುಸಾವಾ ಎಯಿಚಿ 1873ರಲ್ಲಿ ಸರ್ಕಾರಿ ಹುದ್ದೆ ಬಿಟ್ಟು ದೇಶದ ಮೊದಲ ಆಧುನಿಕ ಬ್ಯಾಂಕು ಕಟ್ಟಿದವರು. ಸುಮಾರು 500 ಕಂಪನಿಗಳ ಹುಟ್ಟಿನಲ್ಲಿ ಅವರ ಕೈಯಿದೆ ಎಂದು ಎಣಿಸುತ್ತಾರೆ. 1916ರಲ್ಲಿ ಅವರ ಉಪನ್ಯಾಸಗಳು 'ಲುನ್ ಯು ಮತ್ತು ಮಣಿಚೌಕಟ್ಟು' ಎಂಬರ್ಥದ ಹೆಸರಿನ ಪುಸ್ತಕವಾಗಿ ಬಂದವು. ಮಣಿಚೌಕಟ್ಟು ಅಂದರೆ ವ್ಯಾಪಾರಿಗಳು ಲೆಕ್ಕಕ್ಕೆ ಬಳಸುತ್ತಿದ್ದ ಸೊರೊಬಾನ್. ನೀತಿ ಮತ್ತು ಲಾಭ ಬೇರೆ ಬೇರೆ ಅಲ್ಲ, ನೀತಿಯಿಲ್ಲದ ಲಾಭ ಬಾಳುವುದಿಲ್ಲ ಎಂಬುದು ಅವರ ವಾದ. 2024ರ ಜುಲೈನಿಂದ ಜಪಾನಿನ 10,000 ಯೆನ್ ನೋಟಿನ ಮೇಲೆ ಅವರದೇ ಮುಖವಿದೆ.

1970ರ ದಶಕ ಮುಗಿಯುವ ಹೊತ್ತಿಗೆ ಜಪಾನ್, ದಕ್ಷಿಣ ಕೊರಿಯಾ, ತೈವಾನ್, ಹಾಂಗ್‌ಕಾಂಗ್, ಸಿಂಗಪುರ ಒಟ್ಟೊಟ್ಟಿಗೆ ಮೇಲೆದ್ದವು. ಆಗ ವೆಬರ್ ವಾದ ತಲೆಕೆಳಗಾಯಿತು. 1979ರಲ್ಲಿ ಅಮೆರಿಕದ ಹರ್ಮನ್ ಕಾನ್ ಈ ದೇಶಗಳನ್ನು 'ನವ ಕನ್ಫ್ಯೂಷಿಯನ್' ಸಂಸ್ಕೃತಿಗಳು ಎಂದು ಕರೆದರು. ಓದಿನ ಗೌರವ, ಕೆಲಸದ ಶ್ರದ್ಧೆ, ಗುಂಪಿನೊಂದಿಗೆ ಹೊಂದಿಕೊಳ್ಳುವ ಗುಣ ಇವೇ ಬೆಳವಣಿಗೆಯ ಇಂಧನ ಎಂದರು. ಸಿಂಗಪುರ ಸರ್ಕಾರ 1984ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ಫ್ಯೂಷಿಯನ್ ನೀತಿಯನ್ನು ಪಾಠವಾಗಿಯೇ ತಂದಿತು. ಹಿಂದುಳಿದದ್ದಕ್ಕೂ ಮುಂದೆ ಬಂದದ್ದಕ್ಕೂ ಒಂದೇ ಕಾರಣ ಹೇಳಿದ ಈ ಹೊರಳಾಟ ಕಂಡು ಎಚ್ಚೆತ್ತ ಸಂಶೋಧಕರು, ಮೊದಲು ಅಳೆಯೋಣ, ಆಮೇಲೆ ಮಾತಾಡೋಣ ಎಂದು ಹೊರಟರು.

ಅಳತೆಗೋಲು ಕೈಗೆ ಬಂದಾಗ

ನೌಕರರ ಮೌಲ್ಯಗಳನ್ನು ದೊಡ್ಡ ಪ್ರಮಾಣದಲ್ಲಿ ಅಳೆದವರಲ್ಲಿ ಮೊದಲಿಗರು ನೆದರ್‌ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್. ಐಬಿಎಂ ಕಂಪನಿಯ ಹಲವು ದೇಶಗಳ ಶಾಖೆಗಳಿಂದ 1,00,000ಕ್ಕೂ ಹೆಚ್ಚು ಪ್ರಶ್ನಾವಳಿ ಒಟ್ಟುಮಾಡಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಆದರೆ ಪ್ರಶ್ನೆಗಳನ್ನು ಹೆಣೆದದ್ದು ಪಾಶ್ಚಾತ್ಯ ಮನಸ್ಸು. ಹಾಂಗ್‌ಕಾಂಗ್‌ನಲ್ಲಿ ಪಾಠ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಮೈಕಲ್ ಬಾಂಡ್ ಇದನ್ನು ತಿರುಗಿಸಿದರು. ಚೀನೀ ವಿದ್ವಾಂಸರನ್ನೇ ಕೇಳಿ, ಅವರಿಗೆ ಮುಖ್ಯವೆನಿಸಿದ 40 ಮೌಲ್ಯಗಳ ಪಟ್ಟಿ ಮಾಡಿ, 22 ದೇಶಗಳ ವಿದ್ಯಾರ್ಥಿಗಳ ಮುಂದಿಟ್ಟರು. ಪಾಶ್ಚಾತ್ಯ ಪ್ರಶ್ನಾವಳಿಯಲ್ಲಿ ಕಾಣದೇ ಉಳಿದಿದ್ದ ಒಂದು ಆಯಾಮ ಮೇಲೆದ್ದು ಬಂತು. 1987ರಲ್ಲಿ ಅದಕ್ಕೆ 'ಕನ್ಫ್ಯೂಷಿಯನ್ ಕಾರ್ಯಶಕ್ತಿ' ಎಂಬರ್ಥದ ಹೆಸರಿಟ್ಟರು. ಪಟ್ಟುಬಿಡದಿರುವುದು, ಮಿತವ್ಯಯ, ಸ್ಥಾನಮಾನ ಅರಿತು ನಡೆಯುವುದು, ನಾಚಿಕೆಯುಳ್ಳವರಾಗಿರುವುದು ಅದರ ಒಂದು ತುದಿ. ಮಾನ ಕಾಪಾಡಿಕೊಳ್ಳುವುದು, ಸಂಪ್ರದಾಯಕ್ಕೆ ಅಂಟಿಕೊಳ್ಳುವುದು, ಕೊಟ್ಟಿದ್ದಕ್ಕೆ ಪ್ರತಿಯಾಗಿ ಕೊಡುವುದು ಇನ್ನೊಂದು ತುದಿ.

ಇಲ್ಲೊಂದು ಸೂಕ್ಷ್ಮವಿದೆ. ಎರಡೂ ತುದಿಗಳ ಗುಣಗಳು ಕನ್ಫ್ಯೂಷಿಯಸ್‌ನವೇ. ಮೊದಲ ತುದಿಗೆ ಒಲಿದ ದೇಶಗಳು ವೇಗವಾಗಿ ಬೆಳೆದಿದ್ದವು. ಆ ಬೋಧನೆಯ ಒಂದು ಭಾಗ ದುಡಿಮೆಗೆ ಪೂರಕ, ಇನ್ನೊಂದು ಭಾಗ ಹಾಗಲ್ಲ ಎಂದು ಈ ಅಂಕಿಗಳು ಸೂಚಿಸಿದವು.

ಈ ಆಯಾಮದ ಅಂಕಪಟ್ಟಿಯಲ್ಲಿ ಚೀನಾ 118, ಹಾಂಗ್‌ಕಾಂಗ್ 96, ತೈವಾನ್ 87, ಜಪಾನ್ 80, ದಕ್ಷಿಣ ಕೊರಿಯಾ 75. ಅವುಗಳ ಬೆನ್ನಿಗೇ ಬ್ರೆಜಿಲ್ 65, ಭಾರತ 61. ಕನ್ಫ್ಯೂಷಿಯಸ್‌ನ ಹೆಸರನ್ನೇ ಕೇಳದ ಕೋಟ್ಯಂತರ ಜನರಿರುವ ಎರಡು ದೇಶಗಳು ಅಷ್ಟು ಮೇಲೆ ಹೇಗೆ ಬಂದವು? ಹಾಫ್‌ಸ್ಟೆಡ್ ಮುಂದೆ ಈ ಆಯಾಮವನ್ನು 'ದೂರದೃಷ್ಟಿ' ಎಂಬರ್ಥದ ಹೆಸರಿನಿಂದ ಕರೆದರು. ಬೇರೆ ಸಮೀಕ್ಷೆಯ ಆಧಾರದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಜರ್ಮನಿ 83 ಅಂಕ ಪಡೆದು ಪೂರ್ವ ಏಷ್ಯಾದ ಸಾಲಿಗೇ ಬಂತು. ಸ್ವೀಡನ್ನಿನಲ್ಲಿ ನೆಲೆಸಿದ ವಿದ್ವಾಂಸ ಟೋನಿ ಫಾಂಗ್ 2003ರಲ್ಲಿ, ಯಿನ್ ಮತ್ತು ಯಾಂಗ್‌ನಂತೆ ಒಂದರೊಳಗೊಂದು ಹೆಣೆದುಕೊಂಡ ಗುಣಗಳನ್ನು ಬಲವಂತವಾಗಿ ಬೇರ್ಪಡಿಸಿ ಎರಡು ತುದಿ ಮಾಡಿರುವುದೇ ತಪ್ಪು ಎಂದು ಟೀಕಿಸಿದರು.

ಮೊದಲ ಪಂಥ: ಗುಂಪಿಗಾಗಿ ದುಡಿಯುವ ಮನಸ್ಸು

ದೇಶಗಳ ಸರಾಸರಿ ಬಿಟ್ಟು ಮನುಷ್ಯರ ಕೆಲಸವನ್ನೇ ನೋಡಿದ ಪ್ರಯೋಗಗಳಲ್ಲಿ ಕ್ರಿಸ್ಟೋಫರ್ ಅರ್ಲಿ 1989ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧ. ತರಬೇತಿಯಲ್ಲಿದ್ದ 48 ಚೀನೀ ಮತ್ತು 48 ಅಮೆರಿಕನ್ ವ್ಯವಸ್ಥಾಪಕರಿಗೆ ಕಚೇರಿಯ ಕಡತಗಳ ರಾಶಿ ಕೊಟ್ಟರು. ಕೆಲವರಿಗೆ 20 ಕೆಲಸ ಮುಗಿಸುವ ವೈಯಕ್ತಿಕ ಗುರಿ, ಕೆಲವರಿಗೆ 10 ಜನರ ಗುಂಪು ಸೇರಿ 200 ಮುಗಿಸುವ ಸಾಮೂಹಿಕ ಗುರಿ. ಗುಂಪಿನಲ್ಲಿ ಯಾರು ಎಷ್ಟು ಮಾಡಿದರೆಂದು ಗೊತ್ತಾಗದಂತಿದ್ದಾಗ ಅಮೆರಿಕನ್ನರ ಕೈ ನಿಧಾನವಾಯಿತು. ಚೀನೀಯರದು ಆಗಲಿಲ್ಲ.

ಪೂರ್ವ ಏಷ್ಯಾದ ನೌಕರ ಯಾರ ಕಣ್ಗಾವಲೂ ಇಲ್ಲದೆ ಗುಂಪಿಗಾಗಿ ದುಡಿಯುತ್ತಾನೆ ಎಂಬ ನಂಬಿಕೆಗೆ ಇದು ಬಲ ಕೊಟ್ಟಿತು. ಆದರೆ 1993ರಲ್ಲಿ ಅರ್ಲಿಯವರೇ ಇನ್ನೊಂದು ಮಗ್ಗುಲು ತೋರಿಸಿದರು. ಗುಂಪು ತನ್ನವರದು ಅನಿಸಿದಾಗ ಮಾತ್ರ ಆ ಹುರುಪು. ಅಪರಿಚಿತರ ನಡುವೆ ಕೂರಿಸಿದರೆ ಇಳಿದುಹೋಗುತ್ತದೆ. 'ನಮ್ಮವರು' ಎಂಬ ಭಾವ ಹುಟ್ಟದ ಕಂಪನಿಗೆ ಕನ್ಫ್ಯೂಷಿಯಸ್ ಬಿಟ್ಟಿ ಸಹಾಯಕ್ಕೆ ಬರುವುದಿಲ್ಲ ಎಂದಾಯಿತು.

ಎರಡನೆಯ ಪಂಥ: ಯಜಮಾನನ ಮೂರು ಮುಖ

ಪ್ರಶ್ನೆಗೆ ತೀರ ಹತ್ತಿರ ಹೋದದ್ದು ತೈವಾನ್ ಮತ್ತು ಹಾಂಗ್‌ಕಾಂಗ್‌ನ ಸಂಶೋಧಕರು. ತೈವಾನಿನ ದೊಡ್ಡ ಉದ್ಯಮಗಳ ಯಜಮಾನರನ್ನು ಹತ್ತಿರದಿಂದ ಕಂಡು ರಾಬರ್ಟ್ ಸಿಲಿನ್ 1976ರಲ್ಲಿ ಬರೆದಿದ್ದರು. ಗಾರ್ಡನ್ ರೆಡಿಂಗ್ 1990ರಲ್ಲಿ ಸಾಗರೋತ್ತರ ಚೀನೀ ಕುಟುಂಬ ಉದ್ಯಮಗಳ ಒಳಮನಸ್ಸನ್ನು ಚಿತ್ರಿಸಿದ್ದರು. ಇವುಗಳ ಮೇಲೆ ಕಟ್ಟಿ ಫಾರ್ ಜಿಂಗ್‌ಲಿ ಮತ್ತು ಚೆಂಗ್ ಬೋರ್‌ಶಿವಾನ್ 2000ದಲ್ಲಿ 'ಪಿತೃಸಮಾನ ನಾಯಕತ್ವ'ದ ಸಿದ್ಧಾಂತ ಮಂಡಿಸಿದರು. ಅಪ್ಪನಂತಿರುವ ಯಜಮಾನನಿಗೆ ಮೂರು ಮುಖ: ದರ್ಪ, ಕರುಣೆ, ನಡತೆ. ದರ್ಪದ ಮುಖ ಪ್ರಶ್ನೆ ಸಹಿಸುವುದಿಲ್ಲ, ಮಾಹಿತಿ ಹಂಚುವುದಿಲ್ಲ. ಕರುಣೆಯ ಮುಖ ನೌಕರನ ಮನೆಯ ಕಷ್ಟ ವಿಚಾರಿಸುತ್ತದೆ, ತಪ್ಪಿದಾಗ ನಾಲ್ಕು ಜನರೆದುರು ಮಾನ ಕಳೆಯುವುದಿಲ್ಲ. ನಡತೆಯ ಮುಖ ಸ್ವಂತ ಲಾಭಕ್ಕೆ ಕೈಚಾಚದೆ ತಾನೇ ಮೇಲ್ಪಂಕ್ತಿ ಹಾಕುತ್ತದೆ.

ಈ ವಿಂಗಡಣೆ ವಿವಾದವನ್ನೇ ಬದಲಿಸಿತು. ಮೂರನ್ನೂ ಒಟ್ಟಾಗಿ 'ಕನ್ಫ್ಯೂಷಿಯನ್ ಮೌಲ್ಯ' ಎನ್ನುವ ಬದಲು ಒಂದೊಂದರ ಪರಿಣಾಮವನ್ನು ಬೇರೆ ಬೇರೆ ನೋಡಲು ಸಾಧ್ಯವಾಯಿತು. 2014ರಲ್ಲಿ ಚೆನ್ ಶಿಯಾವೋಪಿಂಗ್ ಮತ್ತು ಸಂಗಡಿಗರು ತೈವಾನಿನ ಉದ್ಯಮ ಸಮೂಹವೊಂದರಲ್ಲಿ ಮಾಡಿದ ಅಧ್ಯಯನದಲ್ಲಿ ಕರುಣೆ ಮತ್ತು ನಡತೆ ಇದ್ದ ಕಡೆ ನೌಕರರ ಕೆಲಸ ಮೇಲ್ಮಟ್ಟದ್ದಾಗಿತ್ತು, ದರ್ಪ ಇದ್ದ ಕಡೆ ಕೆಳಮಟ್ಟದ್ದು. ಕರುಣೆ ಮತ್ತು ನಡತೆ ಕೆಲಸ ಮಾಡಿದ ಬಗೆಯೂ ಗೊತ್ತಾಯಿತು: ಅವು ಮೇಲಧಿಕಾರಿಯ ಮೇಲೆ ಹೃದಯದಿಂದ ಬರುವ ನಂಬಿಕೆ ಹುಟ್ಟಿಸುತ್ತವೆ, ಆ ನಂಬಿಕೆಯೇ ಕೈಗಳನ್ನು ಚುರುಕುಗೊಳಿಸುತ್ತದೆ. 2019ರಲ್ಲಿ ನೇಥನ್ ಹಿಲ್ಲರ್ ತಂಡ ಹಲವು ಭಾಷೆಗಳ 152 ಅಧ್ಯಯನಗಳನ್ನು ಒಗ್ಗೂಡಿಸಿ ನೋಡಿದಾಗಲೂ ಚಿತ್ರ ಹೆಚ್ಚು ಕಡಿಮೆ ಅದೇ ಇತ್ತು. ಕರುಣೆ ಒಳ್ಳೆಯ ಫಲ ಕೊಡುತ್ತದೆ, ದರ್ಪ ಕೊಡುವುದಿಲ್ಲ.

ಗ್ರಂಥದ ಎರಡು ಓದುಗಳು ಇಲ್ಲಿ ಅಂಕಿಗಳಲ್ಲಿ ಎದುರಾಗುತ್ತವೆ. ಕರುಣೆ ಮತ್ತು ನಡತೆ ಮೇಲಿನವನಿಗೆ ವಿಧಿಸಿದ ಹೊಣೆ. ದರ್ಪ 'ಮೂರು ಬಂಧ'ಗಳಿಂದ ಬಂದ ಪಾಲು.

ಆದರೂ ದರ್ಪ ಎಲ್ಲರನ್ನೂ ಒಂದೇ ರೀತಿ ನೋಯಿಸುವುದಿಲ್ಲ. ತೈವಾನಿನ ಮನಶ್ಶಾಸ್ತ್ರಜ್ಞ ಯಾಂಗ್ ಕುವೋಶು 'ಸಾಂಪ್ರದಾಯಿಕತೆ'ಯನ್ನು ವ್ಯಕ್ತಿ ವ್ಯಕ್ತಿಗೂ ಬದಲಾಗುವ ಗುಣವಾಗಿ ಅಳೆಯುವ ದಾರಿ ತೋರಿದ್ದರು. ಅದನ್ನು ಬಳಸಿ ಫಾರ್, ಅರ್ಲಿ ಮತ್ತು ಲಿನ್ 1997ರಲ್ಲಿ ತೋರಿಸಿದ್ದು ಇದು: ಸಂಪ್ರದಾಯದ ಹಿಡಿತ ಕಡಿಮೆಯಿರುವ ನೌಕರ ಕಂಪನಿ ತನ್ನನ್ನು ನ್ಯಾಯವಾಗಿ ನಡೆಸಿಕೊಂಡಿತೇ ಎಂದು ನೋಡಿ ಹೆಚ್ಚುವರಿ ಕೆಲಸಕ್ಕೆ ಮುಂದಾಗುತ್ತಾನೆ. ಸಂಪ್ರದಾಯಸ್ಥ ನೌಕರನಲ್ಲಿ ಈ ಲೆಕ್ಕ ಅಷ್ಟು ಬಲವಾಗಿಲ್ಲ. ತನ್ನ ಪಾತ್ರ ತಾನು ಮಾಡಬೇಕು ಎಂಬ ಭಾವದಿಂದಲೇ ಮಾಡುತ್ತಾನೆ. ಒಂದೇ ಕಾರ್ಖಾನೆಯ ಒಂದೇ ಸಾಲಿನಲ್ಲಿ ಕೂತ ಇಬ್ಬರಿಗೂ ಒಂದೇ ಆಡಳಿತ ಒಗ್ಗದಿರಬಹುದು.

ಮೂರನೆಯ ಪಂಥ: ನಂಟಿನ ಲೆಕ್ಕ

'ಗ್ವಾನ್‌ಶಿ' ಎಂಬ ಚೀನೀ ಪದಕ್ಕೆ ಕನ್ನಡದ 'ನಂಟು' ಹತ್ತಿರದ ಮಾತು. ಒಂದೇ ಊರು, ಒಂದೇ ಶಾಲೆ, ಹಿಂದೆಂದೋ ಮಾಡಿದ ಉಪಕಾರ, ಇವೆಲ್ಲ ಸೇರಿ ಇಬ್ಬರ ನಡುವೆ ಬೆಳೆಯುವ ಋಣ ಅದು. ಹುವಾಂಗ್ ಕ್ವಾಂಗ್‌ಕುವೋ 1987ರಲ್ಲಿ, ಚೀನೀ ಸಮಾಜದಲ್ಲಿ ಮಾನ ಮತ್ತು ಉಪಕಾರಗಳು ಹಣದಷ್ಟೇ ಖಚಿತವಾಗಿ ಚಲಾವಣೆಯಾಗುವ ಬಗೆಯನ್ನು ವಿವರಿಸಿದರು.

ಈ ನಂಟು ಕೆಲಸಕ್ಕೆ ಒಳ್ಳೆಯದೇ? ಚೆನ್ ಝೆನ್‌ಶಿಯೋಂಗ್, ಆ್ಯನ್ ಸುಯಿ ಮತ್ತು ಫಾರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚೀನೀ ನೌಕರನ ಕೆಲಸದ ಮಟ್ಟಕ್ಕೆ ಕಂಪನಿಯ ಮೇಲಿನ ನಿಷ್ಠೆಗಿಂತ ತನ್ನ ಮೇಲಧಿಕಾರಿಯ ಮೇಲಿನ ನಿಷ್ಠೆ ಹೆಚ್ಚು ಹತ್ತಿರದ ಸಂಬಂಧ ಹೊಂದಿದೆ. ಮುಖ ಕಾಣದ ಸಂಸ್ಥೆಗಲ್ಲ, ಮುಂದೆ ನಿಂತ ಮನುಷ್ಯನಿಗಾಗಿ ಅವನು ಬೆವರು ಸುರಿಸುತ್ತಾನೆ. ಒಳ್ಳೆಯ ಮೇಸ್ತ್ರಿ ಕೆಲಸ ಬಿಟ್ಟುಹೋದಾಗ ಇಡೀ ತಂಡವೇ ಹಿಂದೆ ಹೋಗುವುದನ್ನು ಕಂಡವರಿಗೆ ಇದು ಅಚ್ಚರಿಯಲ್ಲ.

ನಂಟಿಗೆ ಇನ್ನೊಂದು ಮುಖವೂ ಇದೆ. ಚಾವೋ ಚೆನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ನೇಮಕಾತಿ, ಬಡ್ತಿ, ಬೋನಸ್ಸುಗಳು ನಂಟಿನ ಮೇಲೆ ನಡೆಯುತ್ತವೆ ಎಂದು ನೌಕರರಿಗೆ ಅನಿಸಿದರೆ ಆಡಳಿತದ ಮೇಲಿನ ಅವರ ನಂಬಿಕೆ ಕುಸಿಯುತ್ತದೆ. ಒಬ್ಬನಿಗೆ ಕರುಣೆಯಾಗಿ ಕಂಡದ್ದು ಪಕ್ಕದವನಿಗೆ ಅನ್ಯಾಯ.

ನಾಲ್ಕನೆಯ ಪಂಥ: ಗ್ರಂಥವಲ್ಲ, ವ್ಯವಸ್ಥೆ

ಇಷ್ಟೆಲ್ಲಕ್ಕೂ ಕನ್ಫ್ಯೂಷಿಯಸ್ ಬೇಕೇ ಎಂದು ಕೇಳುವವರ ಪಂಥ ಗಟ್ಟಿಯಾಗಿದೆ. ಗ್ಯಾರಿ ಹ್ಯಾಮಿಲ್ಟನ್ ಮತ್ತು ನಿಕೋಲ್ ಬಿಗ್ಗಾರ್ಟ್ 1988ರಲ್ಲಿ ಎತ್ತಿದ ಪ್ರಶ್ನೆ ಸರಳ. ಜಪಾನ್, ದಕ್ಷಿಣ ಕೊರಿಯಾ, ತೈವಾನ್ ಮೂರಕ್ಕೂ ಕನ್ಫ್ಯೂಷಿಯನ್ ಹಿನ್ನೆಲೆಯಿದೆ. ಆದರೆ ಜಪಾನಿನಲ್ಲಿ ಪರಸ್ಪರ ಶೇರು ಹಂಚಿಕೊಂಡ ಕಂಪನಿ ಬಳಗಗಳು, ಕೊರಿಯಾದಲ್ಲಿ ಒಂದೊಂದು ಕುಟುಂಬ ಆಳುವ ದೈತ್ಯ ಚೇಬೋಲ್‌ಗಳು, ತೈವಾನಿನಲ್ಲಿ ಸಣ್ಣ ಕುಟುಂಬ ಕಾರ್ಖಾನೆಗಳ ಜಾಲ. ಒಂದೇ ಬೀಜದಿಂದ ಮೂರು ಬಗೆಯ ಮರ ಹೇಗೆ ಬಂತು? ಅವರ ಉತ್ತರ: ಆಯಾ ದೇಶದ ಪ್ರಭುತ್ವ ಮತ್ತು ಅಧಿಕಾರದ ಇತಿಹಾಸದಿಂದ.

ಜಪಾನಿನ ಜೀವಮಾನದ ನೌಕರಿಯ ಕಥೆಯೂ ಇದನ್ನೇ ಹೇಳುತ್ತದೆ. ಅದನ್ನು ಪ್ರಾಚೀನ ನಿಷ್ಠೆಯ ಮುಂದುವರಿಕೆ ಎಂದು ಬಹುಕಾಲ ನಂಬಲಾಗಿತ್ತು. ಇತಿಹಾಸಕಾರ ಆ್ಯಂಡ್ರೂ ಗಾರ್ಡನ್ ದಾಖಲೆಗಳನ್ನು ತೆಗೆದು ನೋಡಿದಾಗ, ಇಪ್ಪತ್ತನೇ ಶತಮಾನದ ಆರಂಭದ ಜಪಾನೀ ಕಾರ್ಮಿಕರು ಹೆಚ್ಚು ಕೂಲಿ ಸಿಕ್ಕ ಕಡೆಗೆ ಸಲೀಸಾಗಿ ಹಾರುತ್ತಿದ್ದುದು ಕಂಡಿತು. ಅವರು ಕಂಪನಿಯಲ್ಲಿ ನೆಲೆನಿಂತದ್ದು ಹಲವು ದಶಕಗಳ ಹಗ್ಗಜಗ್ಗಾಟ, ಮುಷ್ಕರ, ಯುದ್ಧಾನಂತರದ ಒಪ್ಪಂದಗಳ ಫಲವಾಗಿ. 1915ರಲ್ಲಿ ಜಪಾನಿನ ಕಾರ್ಖಾನೆಗಳನ್ನು ನೋಡಿದ ಆಸ್ಟ್ರೇಲಿಯಾದ ಸಲಹೆಗಾರರೊಬ್ಬರು ಅಲ್ಲಿನ ಜನರನ್ನು ಸೋಮಾರಿಗಳೆಂದು ಕರೆದದ್ದನ್ನು ಅರ್ಥಶಾಸ್ತ್ರಜ್ಞ ಹಾ-ಜೂನ್ ಚಾಂಗ್ ನೆನಪಿಸುತ್ತಾರೆ. ಮೌಲ್ಯಗಳು ಆಗಲೂ ಇದ್ದವು. ಬದಲಾದದ್ದು ಸಂಬಳ, ತರಬೇತಿ, ಭದ್ರತೆಯ ವ್ಯವಸ್ಥೆ.

ಈ ಪಂಥಕ್ಕೆ ಹೊಸ ಸೇರ್ಪಡೆ ಭತ್ತದ ಗದ್ದೆ. ಥಾಮಸ್ ಟಾಲ್‌ಹೆಲ್ಮ್ ತಂಡ 2014ರಲ್ಲಿ ಚೀನಾದ ಆರು ಕಡೆಗಳ 1,162 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಭತ್ತ ಬೆಳೆಯುವ ದಕ್ಷಿಣದವರು ಗೋಧಿ ಬೆಳೆಯುವ ಉತ್ತರದವರಿಗಿಂತ ಹೆಚ್ಚು ಪರಸ್ಪರಾವಲಂಬಿಗಳು ಎಂದು ವಾದಿಸಿತು. ನಾಟಿಗೆ ಆಳು ಬೇಕು, ಗದ್ದೆಯಿಂದ ಗದ್ದೆಗೆ ನೀರು ಹಂಚಿಕೊಳ್ಳಬೇಕು. ನೆರೆಯವನೊಂದಿಗೆ ಜಗಳವಾಡಿಕೊಂಡು ಭತ್ತ ಬೆಳೆಯಲಾಗದು. ಕನ್ಫ್ಯೂಷಿಯಸ್ ಹುಟ್ಟಿದ ಶಾನ್‌ಡಾಂಗ್ ಗೋಧಿಯ ನಾಡು ಎಂಬುದು ಗಮನಾರ್ಹ.

ಮೌನದ ಬೆಲೆ

ಕೆಲಸ ಅಂದರೆ ಹೇಳಿದ್ದನ್ನು ಮಾಡುವುದಷ್ಟೇ ಅಲ್ಲ. ತಪ್ಪು ಕಂಡಾಗ ಹೇಳುವುದೂ ಅದರ ಭಾಗ. ಕನ್ಫ್ಯೂಷಿಯನ್ ಆಡಳಿತದ ಅತಿ ಕಠಿಣ ಪರೀಕ್ಷೆ ನಡೆದದ್ದು ಇಲ್ಲೇ.

1999ರ ಡಿಸೆಂಬರ್ 22ರ ಸಂಜೆ ಲಂಡನ್ ಬಳಿಯ ಸ್ಟಾನ್‌ಸ್ಟೆಡ್‌ನಿಂದ ಕೊರಿಯನ್ ಏರ್‌ನ ಬೋಯಿಂಗ್ 747 ಸರಕು ವಿಮಾನ ಕತ್ತಲಲ್ಲಿ ಮೇಲೇರಿತು. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕ್ಯಾಪ್ಟನ್ ಮುಂದಿನ ಉಪಕರಣ ಕೆಟ್ಟಿತ್ತು. ಅವರು ವಿಮಾನವನ್ನು ಎಡಕ್ಕೆ ತಿರುಗಿಸುತ್ತಲೇ ಹೋದರು. ಎಚ್ಚರಿಕೆಯ ಗಂಟೆ ಮೊಳಗಿತು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ವಿಮಾನ ವಾಲುತ್ತಿದೆ ಎಂದು ಕೂಗಿ ಹೇಳಿದರು. ಪಕ್ಕದ ಸಹಪೈಲಟ್ ಮುಂದಿನ ಉಪಕರಣ ಸರಿಯಾಗಿತ್ತು. ಅವರು ಏನೂ ಹೇಳಲಿಲ್ಲ, ನಿಯಂತ್ರಣವನ್ನೂ ತೆಗೆದುಕೊಳ್ಳಲಿಲ್ಲ. ಮೇಲೇರಿದ ಒಂದು ನಿಮಿಷದೊಳಗೆ ವಿಮಾನ ನೆಲಕ್ಕಪ್ಪಳಿಸಿ ನಾಲ್ವರೂ ಸತ್ತರು. ಬ್ರಿಟನ್ನಿನ ತನಿಖಾ ವರದಿ ಪೈಲಟ್ ತರಬೇತಿಯಲ್ಲಿ ಕೊರಿಯಾದ ಸಂಸ್ಕೃತಿಗೆ ಸಂಬಂಧಿಸಿದ ಅಂಶಗಳನ್ನೂ ಗಮನಿಸಬೇಕೆಂದು ಸಲಹೆ ಮಾಡಿತು.

ಎಲ್ಲ ಅಪಘಾತಗಳನ್ನೂ ಹಿರಿಯರ ಮುಂದೆ ಬಾಯಿಬಿಡದ ಸಂಸ್ಕಾರದ ತಲೆಗೆ ಕಟ್ಟುವುದು ಸರಿಯಲ್ಲ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಅದೇ ಕಂಪನಿಯ ವಿಮಾನ ಬಿದ್ದು 228 ಜನ ಸತ್ತಾಗ, ಅಮೆರಿಕದ ತನಿಖೆ ಸಿಬ್ಬಂದಿಯ ಲೋಪದ ಜತೆಗೆ ಕ್ಯಾಪ್ಟನ್ ಆಯಾಸ, ತರಬೇತಿಯ ಕೊರತೆ, ನೆಲದ ಮೇಲಿನ ಎಚ್ಚರಿಕೆ ವ್ಯವಸ್ಥೆಯ ದೋಷ ಎಲ್ಲವನ್ನೂ ಪಟ್ಟಿ ಮಾಡಿತ್ತು. ಕೊರಿಯನ್ ಏರ್ ಹೊರಗಿನ ಪರಿಣತರನ್ನು ಕರೆತಂದು ತರಬೇತಿಯನ್ನು ಬುಡದಿಂದ ಬದಲಿಸಿತು. ಸ್ಟಾನ್‌ಸ್ಟೆಡ್ ನಂತರ ಅದರ ವಿಮಾನ ಅಪಘಾತದಲ್ಲಿ ಯಾರೂ ಸತ್ತಿಲ್ಲ. ಅದೇ ದೇಶ, ಅದೇ ಸಂಸ್ಕೃತಿ. ಬದಲಾದದ್ದು ಕಾಕ್‌ಪಿಟ್‌ನೊಳಗೆ ಕಿರಿಯನಿಗೆ ಮಾತಾಡುವ ಹಕ್ಕು ಕೊಟ್ಟ ರೀತಿ.

ಕೊರಿಯಾದ ಕಂಪನಿಗಳೂ ಈ ಪಾಠ ಕಲಿಯುತ್ತಿವೆ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ 2016ರಲ್ಲಿ ಏಳು ದರ್ಜೆಗಳನ್ನು ನಾಲ್ಕಕ್ಕೆ ಇಳಿಸುವುದಾಗಿ, ಹುದ್ದೆ ಹಿಡಿದು ಕರೆಯುವ ಬದಲು ಹೆಸರಿಗೆ 'ನಿಮ್' ಎಂಬ ಗೌರವಸೂಚಕ ಸೇರಿಸಿ ಕರೆಯುವುದಾಗಿ ಪ್ರಕಟಿಸಿತು. ಕನ್ನಡದ 'ಅವರೇ' ಇದ್ದಂತೆ ಅದು. 2018ರಿಂದ ಆ ದೇಶ ವಾರದ ದುಡಿಮೆಗೆ 52 ಗಂಟೆಯ ಮಿತಿ ತಂದಿತು. 2019ರ ಜುಲೈನಲ್ಲಿ ಕೆಲಸದ ಜಾಗದ ಕಿರುಕುಳದ ವಿರುದ್ಧ ಕಾನೂನು ಜಾರಿಯಾಯಿತು. ಮೇಲಿನವರು ತಮ್ಮ ಹೊಣೆ ಮರೆತಾಗ ಕಾನೂನು ಅದನ್ನು ನೆನಪಿಸಬೇಕಾಯಿತು.

ಟೊಯೋಟಾ ಕಾರ್ಖಾನೆಗಳ ಹೆಸರಾಂತ 'ಅಂಡೋನ್' ಹಗ್ಗ ಮೌನ ಮುರಿಯುವ ಬೇರೆ ದಾರಿ ತೋರಿಸುತ್ತದೆ. ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು. ಆ ಜಾಗದ ಮುಂದಾಳು ಓಡಿ ಬರುತ್ತಾನೆ, ಸರಿಪಡಿಸಲಾಗದಿದ್ದರೆ ಸಾಲು ನಿಲ್ಲುತ್ತದೆ. ಹಿರಿಯರ ಬಗ್ಗೆ ಅಪಾರ ಗೌರವವಿರುವ ದೇಶದಲ್ಲೇ ಈ ಪದ್ಧತಿ ಬೆಳೆಯಿತು.

ಬಿಡದಿ, ನರಸಾಪುರ ಮತ್ತು ಅಪ್ಪನಂಥ ಯಜಮಾನ

ಪೂರ್ವ ಏಷ್ಯಾದ ಆಡಳಿತ ಶೈಲಿ ಕರ್ನಾಟಕಕ್ಕೆ ಪರಕೀಯವಾಗಿ ಉಳಿದಿಲ್ಲ. ಟೊಯೋಟಾ ಕಿರ್ಲೋಸ್ಕರ್ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ನೆಲೆಯೂರಿತು. ತೈವಾನಿನ ಫಾಕ್ಸ್‌ಕಾನ್ ದೇವನಹಳ್ಳಿ ಬಳಿ ಐಫೋನ್ ಜೋಡಿಸುತ್ತಿದೆ.

2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಘಟಕದ ಕಾರ್ಮಿಕರು ಸಂಬಳದ ವಿಚಾರವಾಗಿ ರೊಚ್ಚಿಗೆದ್ದು ಗಾಜು, ಯಂತ್ರ ಒಡೆದರು. ಸಂಸ್ಕೃತಿಗಳ ಘರ್ಷಣೆ ಎಂದು ಅದನ್ನು ವಿವರಿಸುವುದು ಸುಲಭ. ಆದರೆ ಆ್ಯಪಲ್ ಕಂಪನಿಯ ಪರಿಶೀಲನೆ ಬೊಟ್ಟು ಮಾಡಿದ್ದು ಕೆಲಸದ ವೇಳೆಯ ನಿರ್ವಹಣೆಯ ಲೋಪ ಮತ್ತು ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾದದ್ದರ ಕಡೆಗೆ. ಸಂಬಳ ಹೊತ್ತಿಗೆ ಸರಿಯಾಗಿ ಕೈಸೇರುವುದು ಯಾವ ಸಂಸ್ಕೃತಿಯಲ್ಲಾದರೂ ಕರಾರಿನ ಮೊದಲ ಸಾಲು.

ಭಾರತದ ಅನುಭವ ಈ ಚರ್ಚೆಗೆ ಇನ್ನೊಂದು ತೊಡಕು ಸೇರಿಸುತ್ತದೆ. ಜೆ.ಬಿ.ಪಿ. ಸಿನ್ಹಾ 1980ರಲ್ಲೇ ಭಾರತೀಯ ನೌಕರರಿಗೆ ಒಗ್ಗುವ ನಾಯಕನನ್ನು ಪೋಷಿಸುವವನೂ ಕೆಲಸದಲ್ಲಿ ಕಟ್ಟುನಿಟ್ಟಿನವನೂ ಎಂದು ಬಣ್ಣಿಸಿದ್ದರು. ಟರ್ಕಿಯ ಝೈನೆಪ್ ಐಜಾನ್ 2000ದಲ್ಲಿ ಹತ್ತು ದೇಶಗಳನ್ನು ಹೋಲಿಸಿದಾಗ ಅಪ್ಪನಂಥ ಯಜಮಾನಿಕೆಗೆ ಒಲವು ಹೆಚ್ಚಿದ್ದ ದೇಶಗಳಲ್ಲಿ ಭಾರತವೂ ಇತ್ತು. ಮದುವೆಗೆ ಮುಂಗಡ ಕೊಡುವ, ಮಗುವಿನ ಫೀಸಿಗೆ ನೆರವಾಗುವ, ತಡವಾದರೆ ಗದರುವ ಯಜಮಾನ ಇಲ್ಲಿನ ಮಿಲ್ಲು, ಹೋಟೆಲು, ಅಂಗಡಿಗಳಲ್ಲಿ ಹೊಸಬನಲ್ಲ. ಹಾಗಿದ್ದರೆ ತೈವಾನಿನಲ್ಲಿ ಅಳೆದದ್ದು ಕನ್ಫ್ಯೂಷಿಯಸ್‌ನನ್ನೋ ಅಥವಾ ಕುಟುಂಬವೇ ಆಧಾರವಾಗಿರುವ ಎಲ್ಲ ಸಮಾಜಗಳ ಸಾಮಾನ್ಯ ಗುಣವನ್ನೋ?

ಬಗೆಹರಿಯದೆ ಉಳಿದದ್ದು

ಅಳೆದದ್ದಕ್ಕೆ ಕನ್ಫ್ಯೂಷಿಯಸ್ ಹೆಸರು ಕೊಡಬಹುದೇ ಎಂಬ ಪ್ರಶ್ನೆ ಮೊದಲನೆಯದು. ಎರಡನೆಯದು ಅಳತೆಯದು. ಇಲ್ಲಿ ಹೇಳಿದಂಥ ಬಹಳಷ್ಟು ಅಧ್ಯಯನಗಳಲ್ಲಿ ನೌಕರನ ಕೆಲಸಕ್ಕೆ ಅಂಕ ಕೊಡುವವನು ಅವನ ಮೇಲಧಿಕಾರಿಯೇ. ತನಗೆ ನಿಷ್ಠನಾದವನಿಗೆ ಅವನು ಕೈಬಿಚ್ಚಿ ಅಂಕ ಕೊಟ್ಟರೆ, ನಿಷ್ಠೆಯಿಂದ ಕೆಲಸ ಸುಧಾರಿಸಿತೆಂದು ಕಾಗದದ ಮೇಲೆ ಕಾಣುತ್ತದೆ. ಯಂತ್ರ ಎಣಿಸಿದ ತುಣುಕುಗಳು, ವಾಪಸು ಬಂದ ಮಾಲು, ಗ್ರಾಹಕರ ದೂರು ಇಂಥ ಅಳತೆಗಳನ್ನು ಇಟ್ಟು ನೋಡಿದರೆ ಅದೇ ಚಿತ್ರ ನಿಲ್ಲುತ್ತದೆಯೇ ಎಂಬುದು ಇನ್ನೂ ಗಟ್ಟಿಯಾಗಿ ಪರೀಕ್ಷೆಗೆ ಒಳಗಾಗಬೇಕು.

ಮೂರನೆಯದು ದರ್ಪದ ಪಾತ್ರ. ಸರಾಸರಿಯಲ್ಲಿ ಅದು ಹಾನಿಕರ ಎಂಬುದು ನಿಚ್ಚಳ. ಆದರೆ ಬಿಕ್ಕಟ್ಟಿನ ಹೊತ್ತಿನಲ್ಲಿ, ಕರುಣೆಯೊಂದಿಗೆ ಬೆರೆತಾಗ, ಸಂಪ್ರದಾಯಸ್ಥ ನೌಕರರ ನಡುವೆ ಅದು ಪ್ರಯೋಜನಕ್ಕೆ ಬರುತ್ತದೆಯೇ ಎಂಬುದರಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದಿಲ್ಲ.

ನಾಲ್ಕನೆಯದು ಪೀಳಿಗೆಯ ಬದಲಾವಣೆ. 2021ರಲ್ಲಿ ಚೀನಾದ ಯುವಜನರ ನಡುವೆ 'ತಾಂಗ್ ಪಿಂಗ್', ಅಂದರೆ ಅಂಗಾತ ಮಲಗಿಬಿಡುವುದು, ಎಂಬ ಮಾತು ಹಬ್ಬಿತು: ಮುಗಿಯದ ಓಟ ಬೇಡ, ಬದುಕಲು ಬೇಕಾದಷ್ಟು ಮಾಡಿ ಸುಮ್ಮನಿರುತ್ತೇವೆ ಎಂಬ ನಿಲುವು ಅದು. ನಿಷ್ಠೆಗೆ ಪ್ರತಿಯಾಗಿ ಸಿಗಬೇಕಿದ್ದ ಮನೆ, ಭದ್ರತೆ, ಬಡ್ತಿ ಸಿಗದಾಗ ಕರಾರು ಮುರಿದದ್ದು ಯಾರು ಎಂದು ಈ ಪೀಳಿಗೆ ಕೇಳುತ್ತಿದೆ. 1997ರಲ್ಲಿ ತೈವಾನಿನಲ್ಲಿ ಸಿಕ್ಕ ಫಲಿತಾಂಶ ಇಂದಿನ ಶೆನ್‌ಝೆನ್‌ಗೆ ಹೊಂದುತ್ತದೆ ಎಂದು ಭಾವಿಸಲು ಆಧಾರವಿಲ್ಲ.

ಕೊನೆಯದು ಕಾರಣ ಮತ್ತು ಪರಿಣಾಮದ ಗಂಟು. ಫಾಂಗ್‌ತಾಯ್ ಮಾರುವುದು ದುಬಾರಿ ಚಿಮಣಿಗಳನ್ನು. ನೌಕರರಿಗೆ ಲಾಭ ಹಂಚುವಷ್ಟು ಹಣ ಅದರ ಬಳಿ ಇದೆ. ಅಲ್ಲಿ ಕೆಲಸದ ಮಟ್ಟವನ್ನು ಎತ್ತಿದ್ದು ಬೆಳಗಿನ ಓದೇ, ದಂಡ ನಿಲ್ಲಿಸಿದ್ದೇ, ಲಾಭದ ಪಾಲೇ? ಇದನ್ನು ಬಿಡಿಸಬೇಕಾದರೆ ಒಂದೇ ಕಂಪನಿಯ ಒಂದು ಘಟಕದಲ್ಲಿ ಓದನ್ನು ಮಾತ್ರ, ಇನ್ನೊಂದರಲ್ಲಿ ಲಾಭದ ಪಾಲನ್ನು ಮಾತ್ರ, ಮೂರನೆಯದರಲ್ಲಿ ಎರಡನ್ನೂ ತಂದು, ಕೆಲವು ವರ್ಷ ತಯಾರಾದ ಚಿಮಣಿಗಳನ್ನೂ ವಾಪಸು ಬಂದವುಗಳನ್ನೂ ಎಣಿಸಬೇಕು. ಯಾವ ಯಜಮಾನ ತನ್ನ ಕಾರ್ಖಾನೆಯನ್ನು ಅಂಥ ಪ್ರಯೋಗಕ್ಕೆ ತೆರೆದಿಡುತ್ತಾನೆ ಎಂಬುದೂ ಇನ್ನೂ ಉತ್ತರ ಸಿಗಬೇಕಾದ ಪ್ರಶ್ನೆಗಳಲ್ಲೊಂದು.